ಸಣ್ಣ ಸಂಬಳದ ಮನೆ: ಕೊನೆಯ ವಾರವನ್ನು ಮೊದಲು ಗೆಲ್ಲಿ

ಕನಿಷ್ಠ ಕೂಲಿಯಲ್ಲಿ ಮನೆ ನಡೆಸುವವರಿಗೆ ಬುದ್ಧಿ ಹೇಳುವವರು ಬೇಕಾದಷ್ಟು ಜನ. ಖರ್ಚು ಕಮ್ಮಿ ಮಾಡಿ, ಉಳಿತಾಯ ಮಾಡಿ ಅಂತಾರೆ. ಹೇಳುವುದಕ್ಕೇನು! ಬಾಡಿಗೆ, ದಿನಸಿ, ಕೆಲಸಕ್ಕೆ ಹೋಗಿಬರುವ ಖರ್ಚು ಕಳೆದರೆ ಕಮ್ಮಿ ಮಾಡಲು ಉಳಿದಿರುವುದಾದರೂ ಏನು? ಸಣ್ಣ ಸಂಬಳದಲ್ಲೇ ಸಂಸಾರ ತೂಗಿಸಿದವಳು ನಾನು. ಇಂಥ ಮನೆಗಳಲ್ಲಿ ದುಂದುವೆಚ್ಚ ಅನ್ನುವುದು ನನಗೆ ಕಂಡದ್ದು ಅಪರೂಪ. ದುಡ್ಡು ಸೋರುವುದು ಬೇರೆ ಕಡೆ. ಬೇಕಾದ ಹೊತ್ತಿಗೆ ಕೈಯಲ್ಲಿ ಕಾಸಿರುವುದಿಲ್ಲ. ಅದಕ್ಕೇ ಚಿಕ್ಕ ಪೊಟ್ಟಣ ಕೊಳ್ಳುತ್ತೇವೆ, ತೂಕ ಹಾಕಿ ನೋಡಿದರೆ ಅದೇ ದುಬಾರಿ. ಬಿಲ್ ಕಟ್ಟುವುದು ತಡವಾಗುತ್ತದೆ, ದಂಡ ಬೀಳುತ್ತದೆ. ಸಂಬಳಕ್ಕೆ ಒಂದು ವಾರ ಇರುವಾಗ ಕೈಸಾಲ ಮಾಡುತ್ತೇವೆ, ಬಡ್ಡಿ ತೆರುತ್ತೇವೆ. ಇರುವವರಿಗಿಂತ ಇಲ್ಲದವರೇ ಪ್ರತಿಯೊಂದಕ್ಕೂ ಜಾಸ್ತಿ ಕೊಡುವುದು ಹೀಗೆ. ಹಾಗಾಗಿ ನನ್ನ ಸಲಹೆ ಇಷ್ಟೇ: ಬೇರೆ ಎಲ್ಲಕ್ಕಿಂತ ಮೊದಲು ತಿಂಗಳ ಕೊನೆಯ ವಾರವನ್ನು ಸಾಲದಿಂದ ಬಿಡಿಸಿಕೊಳ್ಳಿ.

ಅದು ಹೇಗೆ ಅಂತ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಇಡೀ ಲೆಕ್ಕ ಇರುವುದು ಇಲ್ಲೇ. ಪ್ರತಿ ತಿಂಗಳ ಕೊನೆಗೆ 100 ಸಾಲ ತಂದು, ಸಂಬಳದ ದಿನ 110 ವಾಪಸ್ ಕೊಡುತ್ತೀರಿ ಅಂದುಕೊಳ್ಳಿ. 10 ತಾನೇ, ದೊಡ್ಡದೇನಲ್ಲ ಅನಿಸುತ್ತದೆ. ವರ್ಷಕ್ಕೆ ಅದು 120 ಆಯಿತು. ಪಡೆದ ಸಾಲಕ್ಕಿಂತ ಬಡ್ಡಿಯೇ ಹೆಚ್ಚು, ಆದರೂ 100ರ ಸಾಲ ಹಾಗೇ ಕೂತಿದೆ. ಒಂದೇ ಏಟಿಗೆ ಇದನ್ನು ತೀರಿಸಲು ಹೋಗಬೇಡಿ, ಆಗುವುದಿಲ್ಲ. ಮುಂದಿನ ತಿಂಗಳು 100ರ ಬದಲು 90 ತನ್ನಿ. ಆ ತಿಂಗಳು ಮನೆಯಲ್ಲಿ 10 ಕಮ್ಮಿ ಖರ್ಚು ಮಾಡಬೇಕಾಗುತ್ತದೆ, ಕಷ್ಟವೇ. ಅದರ ಮುಂದಿನ ತಿಂಗಳು 80 ತನ್ನಿ. ಬಡ್ಡಿ ಇಳಿದಿರುವುದರಿಂದ ಈ ಸಲ ಹಿಡಿಯಬೇಕಾದದ್ದು 9 ಮಾತ್ರ. ಆಮೇಲೆ 8, ಆಮೇಲೆ 7. ಹತ್ತನೇ ತಿಂಗಳಿಗೆ 1 ಹಿಡಿದರೆ ಸಾಕು, ಸಾಲವೇ ಇಲ್ಲ. ಹನ್ನೊಂದನೇ ತಿಂಗಳಿಂದ ಬಡ್ಡಿಗೆ ಹೋಗುತ್ತಿದ್ದ 10 ಮನೆಯಲ್ಲೇ ಉಳಿಯುತ್ತದೆ. ಸಂಬಳ ಒಂದು ಕಾಸೂ ಏರಿಲ್ಲ ನೋಡಿ. ಇದರಲ್ಲಿ ಕಷ್ಟದ್ದು ಮೊದಲ ಮೂರು ತಿಂಗಳು. ಆ ಮೂರು ತಿಂಗಳಲ್ಲಿ ಮದುವೆ, ಹಬ್ಬ, ಶಾಲೆ ಶುರುವಾಗುವುದು ಬರದ ಹಾಗೆ ನೋಡಿಕೊಂಡು ಶುರು ಮಾಡಿ. ಸಾಲ ತೀರಿದ ಮೇಲೂ ಬಡ್ಡಿ ಕೊಡುತ್ತಿದ್ದ ಹಾಗೇ 10 ತೆಗೆದಿಡುತ್ತಾ ಹೋದರೆ, ಇನ್ನೊಂದು ಹತ್ತು ತಿಂಗಳಿಗೆ ಆ 100 ನಿಮ್ಮದೇ ಗಂಟು. ಆಗ ದೊಡ್ಡ ಚೀಲ ಕೊಳ್ಳಬಹುದು, ಬಿಲ್ ಬಂದ ದಿನವೇ ಕಟ್ಟಬಹುದು.

ಸಂಬಳ ಬಂದ ದಿನ ಮೊದಲು ಎತ್ತಿಡಬೇಕಾದದ್ದು ಯಾವುದು? ಬಾಡಿಗೆ ಅಂತ ಎಲ್ಲರೂ ಹೇಳುತ್ತಾರೆ. ನನ್ನನ್ನು ಕೇಳಿದರೆ ಕೆಲಸಕ್ಕೆ ಹೋಗಿಬರುವ ಖರ್ಚು ಅನ್ನುತ್ತೇನೆ. ಅದು ತಪ್ಪಿದರೆ ಮುಂದಿನ ಸಂಬಳವೇ ತಪ್ಪುತ್ತದಲ್ವಾ? ಅದಾದ ಮೇಲೆ ಬಾಡಿಗೆ, ದಿನಸಿ, ಒಲೆಯ ಖರ್ಚು. ಉಳಿದದ್ದನ್ನು ವಾರದ ಲೆಕ್ಕಕ್ಕೆ ಹಂಚುವಾಗ ನಾಲ್ಕು ಭಾಗ ಮಾಡಬೇಡಿ. ನಾಲ್ಕು ವಾರ ಅಂದರೆ 28 ದಿನ, ಫೆಬ್ರವರಿ ಬಿಟ್ಟರೆ ತಿಂಗಳು ಇರುವುದು 30 ಇಲ್ಲವೇ 31 ದಿನ. ಆ ಎರಡು ಮೂರು ದಿನಗಳೇ ಮನೆಯವರನ್ನು ಸಾಲಕ್ಕೆ ಕಳಿಸುವುದು. ನಾಲ್ಕು ದೊಡ್ಡ ಲಕೋಟೆ, ಐದನೆಯದು ಚಿಕ್ಕದು, ಹೀಗೆ ಐದು ಮಾಡಿ. ಚಿಕ್ಕದನ್ನು ಮೊದಲು ತುಂಬಿಸಿ ಅಂಟಿಸಿಬಿಡಿ. ವಾರಕ್ಕೊಮ್ಮೆ ಬಟವಾಡೆ ಆಗುವವರಿಗೆ ಇನ್ನೊಂದು ಅನುಕೂಲ ಇದೆ. ವರ್ಷದಲ್ಲಿ ಕಮ್ಮಿಯೆಂದರೂ ನಾಲ್ಕು ತಿಂಗಳಲ್ಲಿ ಐದು ಬಟವಾಡೆ ಬರುತ್ತವೆ. ಆ ಐದನೆಯದನ್ನು ಮಾಮೂಲಿ ಖರ್ಚಿಗೆ ಸೇರಿಸದೆ, ವರ್ಷಕ್ಕೊಮ್ಮೆ ಬರುವ ಶಾಲೆಯ ಪುಸ್ತಕ, ಚಪ್ಪಲಿ, ಹೊದಿಕೆಗೆ ಇಟ್ಟುಕೊಳ್ಳಿ.

ಕಂತಿನಲ್ಲಿ ಏನನ್ನಾದರೂ ಕೊಳ್ಳುವ ಮುಂಚೆ ಎಲ್ಲ ಕಂತನ್ನೂ ಕೂಡಿಸಿ ಒಟ್ಟು ಎಷ್ಟಾಯಿತು ಅಂತ ಬರೆದು ನೋಡಿ. ಅಂಗಡಿಯವರು ತಿಂಗಳಿಗೆ ಇಷ್ಟೇ ಅನ್ನುತ್ತಾರೆ, ಒಟ್ಟು ಹೇಳುವುದಿಲ್ಲ.

ಅಡುಗೆಮನೆಗೆ ಬಂದರೆ, ಉರಿಯಲ್ಲಿ ಉಳಿಯುವಷ್ಟು ಬೇರೆಲ್ಲೂ ಉಳಿಯುವುದಿಲ್ಲ. ತೆರೆದ ಪಾತ್ರೆಯಲ್ಲಿ ನೀರು ಕುದಿಯಲು ಶುರುವಾದ ಮೇಲೆ ಉರಿ ಎಷ್ಟೇ ದೊಡ್ಡದು ಮಾಡಿ, ಅದು 100 ಡಿಗ್ರಿ ದಾಟುವುದಿಲ್ಲ. ಕಾಳು ಬೇಗ ಬೇಯುವುದಿಲ್ಲ, ನೀರು ಬೇಗ ಆವಿಯಾಗುತ್ತದೆ ಅಷ್ಟೆ. ಹಾಗಾಗಿ ಕುದಿ ಬಂತು ಅಂದ ತಕ್ಷಣ ಉರಿ ಸಣ್ಣ ಮಾಡಿ, ತಟ್ಟೆ ಮುಚ್ಚಿ. ಒಣಗಿದ ಕಾಳನ್ನು ಹಿಂದಿನ ರಾತ್ರಿ ನೆನೆಸಿದರೆ ಬೇಯುವ ಹೊತ್ತು ಎಷ್ಟೋ ಕಮ್ಮಿಯಾಗುತ್ತದೆ. ಮುಕ್ಕಾಲು ಬೆಂದ ಮೇಲೆ ಒಲೆ ಆರಿಸಿ, ಮುಚ್ಚಳ ತೆಗೆಯದೆ ಪಾತ್ರೆಗೆ ಹಳೇ ಕಂಬಳಿ ಸುತ್ತಿಡಿ, ಉಳಿದ ಕಾಲು ಭಾಗ ಅದರ ಬಿಸಿಗೇ ಬೇಯುತ್ತದೆ. ಮಧ್ಯೆ ಮಧ್ಯೆ ಬೆಂದಿತಾ ಅಂತ ಇಣುಕಿ ನೋಡುವ ಚಾಳಿ ಇದ್ದವರಿಗೆ ಇದು ಆಗಿಬರುವುದಿಲ್ಲ. ರಾಜ್ಮಾದಂಥ ಕೆಂಪು ಕಾಳಿಗೆ ಮಾತ್ರ ಈ ಉಪಾಯ ಬೇಡ, ಅದು ಚೆನ್ನಾಗಿ ಕುದಿಯದಿದ್ದರೆ ಹೊಟ್ಟೆ ಕೆಡಿಸುತ್ತದೆ. ಇನ್ನು ದೀಪದ ವಿಷಯ. 60 ವ್ಯಾಟಿನ ಹಳೇ ಬಲ್ಬ್ ಕೊಡುವಷ್ಟು ಬೆಳಕನ್ನು 9 ವ್ಯಾಟಿನ ಎಲ್‌ಇಡಿ ಕೊಡುತ್ತದೆ. ಒಂದೇ ಸಲ ಎಲ್ಲ ಬದಲಾಯಿಸಲು ಆಗದಿದ್ದರೆ ಅತಿ ಹೆಚ್ಚು ಹೊತ್ತು ಉರಿಯುವ ದೀಪದಿಂದ ಶುರು ಮಾಡಿ.

ಎಲ್ಲಿ ಹಿಡಿಯಬಾರದು ಅನ್ನುವುದನ್ನೂ ಹೇಳಬೇಕು. ಬಡ ಮನೆಗಳಲ್ಲಿ ಎಲ್ಲರಿಗೂ ಬಡಿಸಿ, ತಳದಲ್ಲಿ ಉಳಿದದ್ದನ್ನು ಕೆರೆದು ಉಣ್ಣುವವಳು ಒಬ್ಬಳಿರುತ್ತಾಳೆ. ಉಳಿಯದಿದ್ದರೆ ನೀರು ಕುಡಿದು ಮಲಗುತ್ತಾಳೆ. ಇದನ್ನು ಉಳಿತಾಯ ಅಂತ ಯಾರೂ ಲೆಕ್ಕ ಹಾಕುವುದಿಲ್ಲ, ಆದರೆ ಎಷ್ಟೋ ಮನೆ ನಿಂತಿರುವುದು ಇದರ ಮೇಲೆ. ಆಕೆ ಹಾಸಿಗೆ ಹಿಡಿದರೆ ಒಂದು ಸಂಬಳವೂ ಹೋಯಿತು, ಆಸ್ಪತ್ರೆ ಖರ್ಚೂ ಬಂತು. ಎಲ್ಲರ ತಟ್ಟೆಗೂ ಒಟ್ಟಿಗೇ ಹಾಕಿ, ಎಲ್ಲರೂ ಒಟ್ಟಿಗೇ ಕೂತು ಉಣ್ಣಿ. ದಿನಾ ನುಂಗುವ ಮಾತ್ರೆಯನ್ನು ದಿನ ಬಿಟ್ಟು ದಿನ ನುಂಗುವುದೂ ಇಂಥದ್ದೇ. ಅದರ ಬದಲು ಅದೇ ಔಷಧಿ ಕಂಪನಿ ಹೆಸರಿಲ್ಲದೆ ಕಮ್ಮಿಗೆ ಸಿಗುತ್ತದಾ ಅಂತ ಡಾಕ್ಟರನ್ನೇ ಕೇಳಿ. ಕೇಳುವುದಕ್ಕೆ ನಾಚಿಕೆ ಯಾಕೆ?

ಇಷ್ಟೆಲ್ಲ ಮಾಡಿದ ಮೇಲೂ ಸಾಲದೆ ಹೋಗಬಹುದು. ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತಾರೆ, ಸರಿ. ಹಾಸಿಗೆಯನ್ನೇ ಗಿಡ್ಡ ಮಾಡಿ ಕೊಟ್ಟವರನ್ನು ಯಾರು ಕೇಳಬೇಕು? ಮನೆ ಲೆಕ್ಕ ಎಷ್ಟೇ ಚೊಕ್ಕವಾಗಿದ್ದರೂ ಕೂಲಿಯೇ ಕಮ್ಮಿ ಇದ್ದರೆ ಅದು ಮನೆಯವರ ತಪ್ಪಲ್ಲ. ಕನಿಷ್ಠ ಕೂಲಿಯ ಕಾನೂನು ಹುಟ್ಟಿದ್ದೇ ಅದಕ್ಕೆ. 1894ರಲ್ಲಿ ನ್ಯೂಜಿಲೆಂಡ್ ಕೂಲಿಯ ಜಗಳ ಬಗೆಹರಿಸಲು ನ್ಯಾಯಮಂಡಳಿಯ ಕಾನೂನು ತಂದಿತು. ಹೀಗೆ ಕೂಲಿಗೆ ಒಂದು ತಳಮಟ್ಟ ಗೊತ್ತುಮಾಡಿದ ಮೊದಲ ದೇಶಗಳಲ್ಲಿ ಅದೂ ಒಂದು. 1907ರಲ್ಲಿ ಆಸ್ಟ್ರೇಲಿಯಾದ ನ್ಯಾಯಾಧೀಶ ಹಿಗಿನ್ಸ್ ಒಂದು ಕಾರ್ಖಾನೆಯ ಮೊಕದ್ದಮೆಯಲ್ಲಿ ಕೂಲಿ ನಿಗದಿ ಮಾಡಲು ಕೂತಾಗ ಮಾಲೀಕ ಎಷ್ಟು ಕೊಡಬಲ್ಲ ಅನ್ನುವುದರಿಂದ ಶುರು ಮಾಡಲಿಲ್ಲ. ಕೂಲಿಯವನ ಮನೆಯ ಬಾಡಿಗೆ, ಊಟ, ಬಟ್ಟೆಯ ಲೆಕ್ಕ ಕೇಳಿದರು. ಕೂಲಿಕಾರರ ಹೆಂಡತಿಯರೂ ಬಂದು ಮನೆ ಖರ್ಚಿನ ಸಾಕ್ಷಿ ಹೇಳಿದರು. ಕೊನೆಗೆ ಆದ ತೀರ್ಮಾನ, ದಿನಕ್ಕೆ 7 ಶಿಲ್ಲಿಂಗ್. ಅಡುಗೆಮನೆಯ ಲೆಕ್ಕ ಕೋರ್ಟಿನಲ್ಲಿ ನಿಂತಿತು ಅಂದರೆ ನನಗೆ ಇವತ್ತಿಗೂ ಖುಷಿ. (ಹೆಂಗಸರ ಕೂಲಿ ಮಾತ್ರ ಗಂಡಸರಿಗಿಂತ ಕಮ್ಮಿಯೇ ಉಳಿಯಿತು, ಅದನ್ನೂ ಮರೆಯಬಾರದು.) ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ 1970ರ ಒಪ್ಪಂದವೂ ಕೂಲಿ ಗೊತ್ತುಮಾಡುವಾಗ ಕೆಲಸದವರ ಮತ್ತು ಅವರ ಮನೆಯವರ ಅಗತ್ಯ, ಜೀವನ ನಡೆಸುವ ಖರ್ಚು ಎರಡನ್ನೂ ನೋಡಬೇಕು ಅನ್ನುತ್ತದೆ.

ಆದ್ದರಿಂದ ನೀವಿರುವ ಕಡೆ ನಿಮ್ಮ ಕೆಲಸಕ್ಕೆ ಕಾನೂನಿನ ಪ್ರಕಾರ ಎಷ್ಟು ಕೂಲಿ ಅಂತ ಕಾರ್ಮಿಕ ಇಲಾಖೆಯಲ್ಲೋ ಸಂಘದಲ್ಲೋ ಕೇಳಿ ತಿಳಿದುಕೊಳ್ಳಿ. ಆಮೇಲೆ ನಿಮ್ಮ ಸಂಬಳವನ್ನು ದುಡಿದ ಗಂಟೆಗಳಿಂದ ಭಾಗಿಸಿ. ದಿನಕ್ಕೆ 8 ಗಂಟೆ ಅಂತ ಹೇಳಿ 10 ಗಂಟೆ ದುಡಿಸಿದರೆ ಗಂಟೆಯ ಕೂಲಿ ಐದರಲ್ಲಿ ಒಂದು ಪಾಲು ಇಳಿಯಿತು. ಸಂಬಳದ ಚೀಟಿಯಲ್ಲಿ ಅದು ಕಾಣುವುದಿಲ್ಲ. ಕೂಲಿಗೆ ಬದಲು ಸಾಮಾನು ಕೊಡುತ್ತೇವೆ, ನಮ್ಮ ಅಂಗಡಿಯಲ್ಲೇ ಕೊಳ್ಳಬೇಕು ಅನ್ನುವ ಮಾಲೀಕರೂ ಇದ್ದಾರೆ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯದ್ದೇ ಆದ 1949ರ ಕೂಲಿ ರಕ್ಷಣೆಯ ಒಪ್ಪಂದ ಹಾಗೆ ಬಲವಂತ ಮಾಡಬಾರದು ಅನ್ನುತ್ತದೆ. ಹೆಂಡದಂಗಡಿಯಲ್ಲಿ ಕೂತು ಬಟವಾಡೆ ಮಾಡುವುದನ್ನೂ ಅದು ಬೇಡ ಅಂದಿದೆ, ಅಲ್ಲೇ ಕೆಲಸ ಮಾಡುವವರಿಗೆ ಬಿಟ್ಟು. ಆ ಸಾಲು ಬರೆಸಿದವರಿಗೆ ಮನೆಯಲ್ಲಿ ಕಾಯುತ್ತಾ ಕೂರುವವರ ಕಷ್ಟ ಗೊತ್ತಿತ್ತು ಅನಿಸುತ್ತದೆ.

ಬರಬೇಕಾದ ಕೂಲಿ ಕೇಳಲು ಹೋಗುವಾಗ ಒಬ್ಬರೇ ಹೋಗಬೇಡಿ, ಜೊತೆಯವರನ್ನು ಕರೆದುಕೊಂಡು ಹೋಗಿ. ಕೈಯಲ್ಲಿ ಲೆಕ್ಕವೂ ಇರಲಿ. ಒಂದು ಚಿಕ್ಕ ಪುಸ್ತಕ ಸಾಕು. ತಾರೀಖು, ಒಳಗೆ ಹೋದ ಹೊತ್ತು, ಹೊರಗೆ ಬಂದ ಹೊತ್ತು, ಊಟಕ್ಕೆ ಬಿಟ್ಟದ್ದು, ಮುಂಗಡ ತಗೊಂಡದ್ದು, ಹಿಡಿದುಕೊಂಡದ್ದು. ದಿನಾ ಅವತ್ತೇ ಬರೆಯಿರಿ, ವಾರದ ಕೊನೆಗೆ ನೆನಪಿಸಿಕೊಂಡು ಬರೆದದ್ದಕ್ಕೆ ತೂಕ ಕಮ್ಮಿ. ಖಾಲಿ ಕಾಗದಕ್ಕೆ ಯಾರು ಹೇಳಿದರೂ ಸಹಿ ಹಾಕಬೇಡಿ. ಹಾಕುವ ಕಾಗದದ ಫೋಟೋ ಮೊಬೈಲಿನಲ್ಲಿ ತೆಗೆದಿಟ್ಟುಕೊಳ್ಳಿ. ಪುಸ್ತಕವನ್ನು ಮಾತ್ರ ಕೆಲಸದ ಜಾಗದಲ್ಲಿ ಬಿಡದೆ ಮನೆಗೆ ತನ್ನಿ.