ಕೊಡವ ಉಡುಗೆಯ ಭಾವಚಿತ್ರ: ಬೆನ್ನೂ ಕಾಣಬೇಕು

ಕೊಡವರ ಉಡುಗೆಯಲ್ಲಿ ಅರ್ಧ ವಿಷಯ ಇರುವುದೇ ಬೆನ್ನ ಕಡೆ. ಹೆಂಗಸರ ಸೀರೆಯ ನೆರಿಗೆ ಹಿಂದೆ ಬೀಳುತ್ತದೆ. ಸೆರಗು ಎಡ ತೋಳಿನ ಅಡಿಯಿಂದ ಬಂದು ಬಲ ಹೆಗಲ ಮೇಲೆ ಭದ್ರವಾಗುತ್ತದೆ. ಗಂಡಸರ ಒಡಿಕತ್ತಿಯೂ (ಅಗಲ ಅಲಗಿನ ಬಾಗಿದ ಕತ್ತಿ) ಬೆನ್ನಿನ ತೊಡಂಗಿನಲ್ಲೇ, ಅಂದರೆ ಅದನ್ನು ಸಿಕ್ಕಿಸುವ ಲೋಹದ ಕೊಂಡಿಯಲ್ಲೇ. ಎದುರಿನಿಂದ ಒಂದೇ ಫೋಟೋ ತೆಗೆದು ಮುಗಿಸಿದರೆ ಸೀರೆ ಎಲ್ಲಿಯ ಸೀರೆಯೋ ಆಗಿಬಿಡುತ್ತದೆ. ಒಬ್ಬೊಬ್ಬರದೂ ಕನಿಷ್ಠ ಮೂರು ನಿಲುವು ಬೇಕು: ಎದುರು, 45 ಡಿಗ್ರಿ ತಿರುಗಿದ್ದು, ಬೆನ್ನು ತೋರಿಸಿ ಮುಖ ಮಾತ್ರ ಹೆಗಲ ಮೇಲಿಂದ ಹೊರಳಿದ್ದು. ಮೂರನೆಯದಕ್ಕೆ ಹೆಚ್ಚು ಹೊತ್ತು ಕೊಡಿ.

ಜಾಗಕ್ಕೆ ಐನ್‌ಮನೆಯ (ಮನೆತನದ ಮೂಲ ಮನೆ) ಜಗಲಿಗಿಂತ ಒಳ್ಳೆಯದಿಲ್ಲ. ಸೂರಿನ ನೆರಳಿನಲ್ಲಿ, ಅಂಗಳದ ಅಂಚಿನಿಂದ ಒಂದು ಮೀಟರ್ ಒಳಗೆ, ಗೋಡೆಯಿಂದ ಎರಡು ಮೀಟರ್ ಮುಂದೆ ನಿಲ್ಲಿಸಿ. ಬೆಳಕು ಅವರ ಬಲಗಡೆಯಿಂದ ಓರೆಯಾಗಿ ಬರಲಿ. ಆಗ ಬಲ ಹೆಗಲ ಸೆರಗಿನ ಮಡಿಕೆ ಒಂದೊಂದಾಗಿ ಕಾಣುತ್ತದೆ. ರೆಡ್ ಆಕ್ಸೈಡ್ ನೆಲವಾದರೆ ಗದ್ದದ ಕೆಳಗೆ ಕೆಂಪು ಛಾಯೆ ಏರುತ್ತದೆ. ಫ್ರೇಮಿಗೆ ಸಿಗದಷ್ಟು ಈಚೆಗೆ ಒಂದು ಬಿಳಿ ಪಂಚೆ ಹಾಸಿದರೆ ಸರಿಹೋಗುತ್ತದೆ. ಬಣ್ಣದ ಛಾಯೆಯನ್ನು ಕ್ಯಾಮೆರಾವೇ ಊಹಿಸುವ ಆಟೋ ವೈಟ್ ಬ್ಯಾಲೆನ್ಸ್ ಬೇಡ, ಬೂದು ಕಾರ್ಡ್ ಹಿಡಿದು ಒಮ್ಮೆ ಹೊಂದಿಸಿ.

ಗಂಡಸರ ಕರಿ ಕುಪ್ಯ (ಮೊಣಕಾಲಿನವರೆಗಿನ ಉದ್ದ ಅಂಗಿ) ನಿಜವಾದ ಸವಾಲು. ಕಪ್ಪು ತುಂಬಿದ ಫ್ರೇಮು ನೋಡಿ ಕ್ಯಾಮೆರಾ ‘ಬೆಳಕು ಸಾಲದು’ ಎಂದುಕೊಂಡು ಎಕ್ಸ್‌ಪೋಷರ್ ಏರಿಸುತ್ತದೆ. ಮುಖ ಬೆಳ್ಳಗಾಗಿ ಹೋಗುತ್ತದೆ. ಎಕ್ಸ್‌ಪೋಷರ್ ಕಾಂಪೆನ್ಸೇಷನ್ (ಬೆಳಕು ಏರಿಳಿಸುವ ಗುಂಡಿ) ಮೈನಸ್ 0.7ರಿಂದ ಶುರುಮಾಡಿ, ಕೆನ್ನೆಯ ಬೆಳಕು ನೋಡಿ ಸರಿಪಡಿಸಿ. ಮದುಮಗನ ಬಿಳಿ ಕುಪ್ಯಕ್ಕೆ ಇದರ ತಿರುವು: ಪ್ಲಸ್ 0.7. ಮೈನಸ್ ಮಾಡಿದ ಮೇಲೆ ಕರಿ ಬಟ್ಟೆ ಬರೀ ಮಸಿಯ ಮುದ್ದೆಯಾಗುತ್ತದಲ್ಲ, ಅದಕ್ಕೆ ನೆರಳಿನ ಕಡೆ ಒಂದು ಮೀಟರ್ ದೂರದಲ್ಲಿ ಬಿಳಿ ಥರ್ಮಾಕೋಲ್ ಹಲಗೆ ಹಿಡಿಸಿ. ತೋಳಿನ ಅಂಚು, ಮುಂಭಾಗದ ಮಡಿಕೆ ಎರಡೂ ಬಿಡಿಸಿಕೊಳ್ಳುತ್ತವೆ. ಆಮೇಲೆ ತಿದ್ದಲು ಹೆಚ್ಚು ಅವಕಾಶ ಕೊಡುವ ರಾ ಫೈಲ್‌ನಲ್ಲೇ ತೆಗೆಯಿರಿ. ಸೊಂಟಕ್ಕೆ ಕಟ್ಟುವ ಕೆಂಪು ರೇಷ್ಮೆ ಪಟ್ಟಿ ಚೇಲೆಗೆ ಬೇರೆಯೇ ತೊಂದರೆ ಇದೆ: ಸಾಮಾನ್ಯ ಹಿಸ್ಟೋಗ್ರಾಮ್ (ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಸರಿಯಿದ್ದರೂ ಕೆಂಪು ಬಣ್ಣದ ಚಾನೆಲ್ ಅದರ ಬಲ ಅಂಚಿಗೆ ಬಡಿದಿರುತ್ತದೆ, ರೇಷ್ಮೆಯ ಎಳೆ ಅಳಿಸಿಹೋಗಿ ಬಣ್ಣದ ಪಟ್ಟಿಯಷ್ಟೇ ಉಳಿಯುತ್ತದೆ. ಕೆಂಪು, ಹಸಿರು, ನೀಲಿಯನ್ನು ಬೇರೆಬೇರೆ ತೋರಿಸುವ ಆರ್‌ಜಿಬಿ ಹಿಸ್ಟೋಗ್ರಾಮ್ ನೋಡುತ್ತಿರಿ.

ಲೆನ್ಸ್ 85 ಎಂಎಂ, ಚಿಕ್ಕ ಸೆನ್ಸರಿಗೆ 50. ಅಪರ್ಚರ್ (ಲೆನ್ಸಿನ ಕಿಂಡಿ) ಎಫ್/4 ಅಥವಾ 5.6, ಶಟರ್ 1/160 ಸೆಕೆಂಡ್. ಎಫ್/1.8ರಲ್ಲಿ ಕಣ್ಣು ಚೂಪಾಗಿ ಬಂದರೂ ಎದೆಯ ಮೇಲಿನ ಪತ್ತಾಕ್, ಜೋಮಾಲೆ, ಕೊಕ್ಕೆತಾತಿ ಎಂಬ ಒಡವೆಗಳು ಮಸುಕಾಗುತ್ತವೆ, ಗಂಡಸರ ಸೊಂಟದ ಪೀಚೆಕತ್ತಿಯ (ಚಿಕ್ಕ ಬಾಕು) ಸರಪಳಿಯಂತೂ ಸಿಗುವುದೇ ಇಲ್ಲ. ಪೂರ್ತಿ ಆಳಿನ ಚಿತ್ರಕ್ಕೆ ಕ್ಯಾಮೆರಾ ಸೊಂಟದೆತ್ತರಕ್ಕೆ ಇಳಿಯಲಿ. ನಿಂತಲ್ಲಿಂದಲೇ ತೆಗೆದರೆ ಮಂಡೆತುಣಿ (ಪೇಟ) ದೊಡ್ಡದಾಗಿ ಕಾಲು ಗಿಡ್ಡವಾಗುತ್ತದೆ. ಮೊಬೈಲ್ ಆದರೆ 2ಎಕ್ಸ್ ಬಳಸಿ, ಎರಡೂವರೆ ಮೀಟರ್ ದೂರ ನಿಲ್ಲಿ. ಸೆಲ್ಫಿ ಕ್ಯಾಮೆರಾ ಮುಟ್ಟಬೇಡಿ: ಕೆಲವು ಫೋನುಗಳು ಕನ್ನಡಿಯಂತೆ ತಿರುಗಿಸಿ ಉಳಿಸುತ್ತವೆ, ಸೆರಗು ಎಡ ಹೆಗಲಿಗೆ ಹೋಗಿ ಉಡುಗೆಯೇ ಸುಳ್ಳಾಗುತ್ತದೆ. ಎಡಿಟಿಂಗಿನಲ್ಲಿ ‘ಫ್ಲಿಪ್’ ಒತ್ತಿದರೂ ಅದೇ ತಪ್ಪು.

ಕ್ಲಿಕ್ಕಿಸುವ ಮೊದಲು ಕುಪ್ಯದ ಮೇಲಿನ ನೂಲು, ಧೂಳನ್ನು ಸೆಲೋಟೇಪಿನಿಂದ ಒತ್ತಿ ತೆಗೆಯಿರಿ. ಕಪ್ಪಿನ ಮೇಲೆ ಒಂದು ಎಳೆಯೂ ಬಿಳಿ ಗೀರಾಗಿ ಕಾಣುತ್ತದೆ. ಚೇಲೆ ಸಡಿಲವಾಗಿದ್ದರೆ ನೀವೇ ಕೈಹಾಕಬೇಡಿ. ಕಟ್ಟಲು ಬಲ್ಲ ಮನೆಯ ಹಿರಿಯರನ್ನು ಕೇಳಿ, ಅವರು ಕಟ್ಟುವಾಗಿನ ಬೆರಳುಗಳದೂ ಒಂದು ಚಿತ್ರ ತೆಗೆದಿಟ್ಟುಕೊಳ್ಳಿ. ಅಜ್ಜನ ಕನ್ನಡಕ ತೆಗೆಸುವ ಅಗತ್ಯವಿಲ್ಲ. ಗದ್ದ ಒಂದಿಷ್ಟು ತಗ್ಗಿಸಿದರೆ ಗಾಜಿನ ಹೊಳಪು ಹೋಗುತ್ತದೆ.

ಕತ್ತಿಯನ್ನು ಒರೆಯಿಂದ ಹಿರಿದು ನಿಲ್ಲಿ ಎಂದು ಹೇಳಲೇಬೇಡಿ. ಮದುಮಗನಲ್ಲದವರಿಗೆ ಚೆಂದಕ್ಕೆಂದು ಬಿಳಿ ಕುಪ್ಯ ತೊಡಿಸುವುದೂ ಸಲ್ಲ. ಹಿರಿಯರ ದೀಪ ಇಡುವ ನಡುಮನೆ, ನೆಲ್ಲಕ್ಕಿ ಬಾಡೆಯಲ್ಲಿ ದೀಪದ ಮುಂದೆ ತೆಗೆಯುವುದಾದರೆ ಮನೆಯವರ ಒಪ್ಪಿಗೆ ಪಡೆದು, ಚಪ್ಪಲಿ ಹೊರಗೆ ಬಿಟ್ಟು, ಫ್ಲ್ಯಾಶ್ ಆರಿಸಿ ಒಳಗೆ ಹೋಗಿ. ಕೈಲ್‌ಪೋಳ್ದ್ (ಆಯುಧ ಪೂಜೆಯ ಹಬ್ಬ), ಪುತ್ತರಿಯ (ಸುಗ್ಗಿ ಹಬ್ಬ) ದಿನ ಜನ ಸಿಕ್ಕರೂ ಅವರ ಕೆಲಸ ಮುಗಿಯುವ ತನಕ ಕಾಯಬೇಕು.

ಫೈಲಿನ ಜೊತೆ ಊರು, ತಾರೀಕು, ಒಡವೆಯ ಹೆಸರು, ಅದು ಯಾರಿಂದ ಬಂದದ್ದು ಎಂಬುದನ್ನು ಅಲ್ಲೇ ಬರೆದುಕೊಳ್ಳಿ. ಒಕ್ಕದ (ಮನೆತನದ) ಹೆಸರು ಹಾಕುವುದಕ್ಕೆ ಅವರನ್ನು ಕೇಳಿ. ಒಂದು 8×12 ಇಂಚಿನ ಪ್ರಿಂಟು ಆ ಮನೆಗೆ ತಲುಪಿಸಿ.