ಅಪರಾಧದ ಅಂಕಿ, ಜಾತಿಯ ಕಾಲಂ: ನನ್ನ ಅನುಭವ

ಕಲಬುರಗಿಯ ಪತ್ರಿಕಾ ಕಚೇರಿಯೊಂದರಲ್ಲಿ ಅಪರಾಧ ಸುದ್ದಿಗಳನ್ನು ನೋಡಿಕೊಳ್ಳುವ ನನಗೆ, ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋದ ವರದಿ ಬಂದಾಗಲೆಲ್ಲ ಒಂದೇ ಬೇಡಿಕೆ ಎದುರಾಗುತ್ತದೆ: ಯಾವ ಜಾತಿಯವರು, ಯಾವ ಧರ್ಮದವರು ಹೆಚ್ಚು ಅಪರಾಧ ಮಾಡುತ್ತಾರೆಂದು ಒಂದು ಕೋಷ್ಟಕದಲ್ಲಿ ಕೊಡಿ. ಬ್ಯೂರೋದ ‘ಕ್ರೈಮ್ ಇನ್ ಇಂಡಿಯಾ’ ಮುಖ್ಯವಾಗಿ ಎಣಿಸುವುದು ಠಾಣೆಯಲ್ಲಿ ದಾಖಲಾದ ಪ್ರಕರಣಗಳನ್ನು. ಜಾತಿ, ಧರ್ಮಗಳ ಕಾಲಂ ಸಿಗುವುದು ಅದೇ ಬ್ಯೂರೋದ ಜೈಲು ವರದಿ ‘ಪ್ರಿಸನ್ ಸ್ಟ್ಯಾಟಿಸ್ಟಿಕ್ಸ್ ಇಂಡಿಯಾ’ದಲ್ಲಿ, ಅದೂ ಡಿಸೆಂಬರ್ 31ರಂದು ಜೈಲಿನೊಳಗೆ ಇದ್ದವರ ಲೆಕ್ಕವಾಗಿ.

2022ರ ಕೊನೆಗೆ ದೇಶದ ಜೈಲುಗಳಲ್ಲಿದ್ದ ಸುಮಾರು 5.73 ಲಕ್ಷ ಜನರಲ್ಲಿ 4.34 ಲಕ್ಷ ಮಂದಿ ಇನ್ನೂ ತೀರ್ಪು ಬಾರದ ವಿಚಾರಣಾಧೀನರು. ಇವರಲ್ಲಿ ಪರಿಶಿಷ್ಟ ಜಾತಿಯವರು ಸುಮಾರು ಐದನೇ ಒಂದು ಭಾಗ. 2011ರ ಜನಗಣತಿಯಲ್ಲಿ ಅವರ ಪಾಲು ಶೇ 16.6. ಈ ಅಂತರವನ್ನು ನಾನು ಮೊದಲು ಜಾಮೀನಿನ ಕಡೆಯಿಂದ ಓದುತ್ತೇನೆ. ನಮ್ಮ ಭಾಗದ ನ್ಯಾಯಾಲಯಗಳಲ್ಲಿ ಶ್ಯೂರಿಟಿ ಕೊಡುವವರು ಸಾಮಾನ್ಯವಾಗಿ ಹೊಲದ ಪಹಣಿ ಹಿಡಿದು ನಿಲ್ಲಬೇಕಾಗುತ್ತದೆ. ಹೊಲವಿಲ್ಲದ, ಪುಣೆಗೋ ಮುಂಬೈಗೋ ಗುಳೆ ಹೋದ ಮನೆಯವನಿಗೆ ಯಾರು ಪಹಣಿ ತಂದಾರು? ಪಹಣಿ ಉಳ್ಳ ನೆಂಟರಿರುವವನು ಅದೇ ಕಲಮಿನ ಪ್ರಕರಣದಲ್ಲಿ ವಾರದೊಳಗೆ ಹೊರಬಂದು ಡಿಸೆಂಬರ್ 31ರ ಎಣಿಕೆಗೆ ಸಿಗುವುದೇ ಇಲ್ಲ.

ಆಮೇಲೆ ನೋಡುವುದು ಎಫ್‌ಐಆರ್‌ನ ದೂರುದಾರರ ಕಾಲಂ. ಕಳವಿನ ಪ್ರಕರಣದಲ್ಲಿ ಅಲ್ಲಿ ಮಾಲು ಕಳೆದುಕೊಂಡವರ ಹೆಸರಿದ್ದರೆ, ಮಟ್ಕಾ, ಜೂಜು, ಕಳ್ಳಭಟ್ಟಿ ಪ್ರಕರಣಗಳಲ್ಲಿ ಬಹುತೇಕ ಪಿಎಸ್‌ಐ ಅಥವಾ ಅಬಕಾರಿ ಅಧಿಕಾರಿಯ ಹೆಸರೇ ಇರುತ್ತದೆ, ಏಕೆಂದರೆ ದಾಳಿ ನಡೆದಲ್ಲಿ ಮಾತ್ರ ಇಂಥ ಪ್ರಕರಣ ಹುಟ್ಟುತ್ತದೆ. ತಾಂಡಾದ ಮೇಲೆ ತಿಂಗಳಿಗೆರಡು ದಾಳಿ ಮಾಡಿ, ಬಡಾವಣೆಯ ಇಸ್ಪೀಟು ಕ್ಲಬ್ಬಿನತ್ತ ತಿರುಗಿಯೂ ನೋಡದಿದ್ದರೆ ವರ್ಷಾಂತ್ಯದ ಲೆಕ್ಕ ತಾಂಡಾದ ಹೆಸರಿಗೇ ಬೀಳುತ್ತದೆ. ಇಡೀ ಸಮುದಾಯಗಳನ್ನೇ ಹುಟ್ಟಿನಿಂದ ಅಪರಾಧಿಗಳೆಂದು ಪಟ್ಟಿ ಮಾಡಿದ, 1871ರಲ್ಲಿ ಬಂದ ಅಪರಾಧಿ ಬುಡಕಟ್ಟುಗಳ ಕಾಯ್ದೆ 1952ರಲ್ಲಿ ರದ್ದಾಯಿತು. ಆದರೆ ಯಾವ ಓಣಿಯನ್ನು ಮೊದಲು ತಪಾಸಣೆ ಮಾಡಬೇಕೆಂಬ ರೂಢಿಗೆ ರದ್ದತಿಯ ಆದೇಶ ಬೇಕಿಲ್ಲ, ಹಾಗಾಗಿ ಅದು ಉಳಿದುಕೊಂಡಿದೆ. ಅಮೆರಿಕದ ಅನುಭವವೂ ಬೇರೆಯಲ್ಲ. ಗಾಂಜಾ ಬಳಕೆ ಕರಿಯರಲ್ಲೂ ಬಿಳಿಯರಲ್ಲೂ ಹೆಚ್ಚುಕಡಿಮೆ ಒಂದೇ ಪ್ರಮಾಣದಲ್ಲಿದ್ದರೂ, ಗಾಂಜಾ ಇಟ್ಟುಕೊಂಡದ್ದಕ್ಕಾಗಿ ಕರಿಯರು ಬಂಧನಕ್ಕೊಳಗಾಗುವ ಸಂಭವ 3.73 ಪಟ್ಟು ಹೆಚ್ಚೆಂದು ಅಮೆರಿಕನ್ ಸಿವಿಲ್ ಲಿಬರ್ಟೀಸ್ ಯೂನಿಯನ್ ಎಂಬ ನಾಗರಿಕ ಹಕ್ಕುಗಳ ಸಂಘಟನೆ 2013ರಲ್ಲಿ ತೋರಿಸಿತು.

ಎಲ್ಲ ಅಂಕಿಗಳೂ ಹೀಗೆ ಸಡಿಲವೆಂದಲ್ಲ. ಹೆಣ ಮುಚ್ಚಿಡುವುದು ಕಷ್ಟವಾದ್ದರಿಂದ ಕೊಲೆಯ ಸಂಖ್ಯೆಯನ್ನು ನಾನು ಹೆಚ್ಚು ನಂಬುತ್ತೇನೆ, ಮತ್ತು ಬಡತನ, ವಯಸ್ಸು, ನಗರವಾಸ ಎಲ್ಲವನ್ನೂ ತೂಗಿದ ಮೇಲೂ ವ್ಯತ್ಯಾಸ ಉಳಿದರೆ ಅದನ್ನು ಮುಚ್ಚದೆ ಬರೆಯುತ್ತೇನೆ. ಅದಕ್ಕೆ ರಕ್ತಗುಣದ ಕಾರಣವನ್ನು ಮಾತ್ರ ಅಂಟಿಸುವುದಿಲ್ಲ. ಪರಿಶಿಷ್ಟ ಜಾತಿ, ಪಂಗಡಗಳ ಮೇಲಿನ ದೌರ್ಜನ್ಯ ತಡೆ ಕಾಯ್ದೆಯ ಪ್ರಕರಣ ಏರಿದಾಗ ದೌರ್ಜನ್ಯವೇ ಏರಿತೆಂದಾಗಲಿ, ಸುಳ್ಳು ದೂರು ಹೆಚ್ಚಿತೆಂದಾಗಲಿ ತಲೆಬರಹ ಕೊಡುವುದೂ ಇಲ್ಲ. ಠಾಣೆಯ ಮೆಟ್ಟಿಲು ಹತ್ತುವ ಧೈರ್ಯ ಬಂದಾಗಲೂ ಆ ಸಂಖ್ಯೆ ಏರುತ್ತದೆ.

ಛೇದದ, ಅಂದರೆ ಎಷ್ಟು ಜನಸಂಖ್ಯೆಗೆ ಎಷ್ಟು ಅಪರಾಧ ಎಂದು ಭಾಗಿಸಿ ನೋಡುವ ವಿಷಯ ಬೇಗ ಮುಗಿಯುವಂಥದ್ದು. ಯಾದಗಿರಿ ಬೇರೆ ಜಿಲ್ಲೆಯಾದ ಮೇಲಿನ ಕಲಬುರಗಿಯ ಅಂಕಿಯನ್ನು ಹಿಂದಿನ ಗುಲಬರ್ಗಾದ ಅಂಕಿಯ ಪಕ್ಕದಲ್ಲಿಟ್ಟರೆ ಅಪರಾಧ ತಾನಾಗಿಯೇ ‘ಇಳಿದು’ಬಿಡುತ್ತದೆ.

ಹಾಗಾದರೆ ಜಾತಿಯ ಕಾಲಂ ಅನ್ನೇ ಬಿಟ್ಟುಬಿಡಿ ಎಂದು ಕಿರಿಯ ಸಹೋದ್ಯೋಗಿಯೊಬ್ಬರು ವಾದಿಸುತ್ತಾರೆ. ನಾನು ಒಪ್ಪುವುದಿಲ್ಲ. ಜೈಲಿನೊಳಗೆ ಜಾತಿ ನೋಡಿ ಕೆಲಸ ಹಂಚುವುದನ್ನು ತಡೆಯಲು ಸುಪ್ರೀಂ ಕೋರ್ಟ್ 2024ರ ಅಕ್ಟೋಬರ್‌ನಲ್ಲಿ ಕೈದಿಗಳ ರಿಜಿಸ್ಟರಿನಿಂದ ಜಾತಿಯ ಕಾಲಂ ತೆಗೆಸಿದ್ದು ಸರಿಯೇ. ಆದರೆ ಒಟ್ಟು ಅಂಕಿಯೇ ಇಲ್ಲದಿದ್ದರೆ ಜಾಮೀನಿನ ಅಸಮಾನತೆಯನ್ನು ತೋರಿಸುವುದು ಯಾವುದರಿಂದ? ಅದಕ್ಕೇ ಮಾಹಿತಿ ಹಕ್ಕಿನ ಅರ್ಜಿ ಬರೆಯುವಾಗ, ಜಾಮೀನು ಆದೇಶವಾಗಿಯೂ ಶ್ಯೂರಿಟಿ ಸಿಗದೆ ಒಳಗೇ ಉಳಿದವರೆಷ್ಟು ಎಂಬ ಪ್ರಶ್ನೆಯನ್ನು ಮೊದಲಿಗೇ ಇಡುತ್ತೇನೆ.