ಕೊಡಗಿನ ಮಳೆಗೆ ಹಳೇ ಆಡಿ ಟಿಟಿ: ನಾನು ಮೊದಲು ಹುಡುಕಿದ್ದು ಶೆಡ್ಡು

ಎರಡು ಮಳೆಗಾಲ ಕಳೆಯಿತು, ಕಾರು ಇನ್ನೂ ಓಡುತ್ತಿದೆ. ಅದಕ್ಕೇ ಈಗ ಬರೆಯುತ್ತಿದ್ದೇನೆ.

2016ರ ಆಡಿ ಟಿಟಿ ಕೂಪೆ, ನೆಲಕ್ಕೆ ಹತ್ತಿರ ಕೂರುವ ಎರಡು ಬಾಗಿಲ ಸ್ಪೋರ್ಟ್ಸ್ ಕಾರು. 2.0 ಟಿಎಫ್‌ಎಸ್‌ಐ ಪೆಟ್ರೋಲ್ ಇಂಜಿನ್, ಕ್ವಾಟ್ರೊ (ನಾಲ್ಕೂ ಚಕ್ರಕ್ಕೆ ಎಳೆತ), 230 ಎಚ್‌ಪಿ. ತಗೊಳ್ಳುತ್ತೇನೆ ಅಂದಾಗ ಮಾವ ಕೇಳಿದ್ದು ಇಷ್ಟೇ: "ಗೇಟಿನಿಂದ ಮನೆಗೆ ಹೇಗೆ ತರ್ತೀಯ? ಹೊತ್ಕೊಂಡಾ?" ಸುಂಟಿಕೊಪ್ಪದಿಂದ ಒಳಗೆ ನಮ್ಮ ತೋಟದ ದಾರಿ ಕಂಡವರು ಯಾರೂ ಆ ಮಾತಿಗೆ ನಗಲಾರರು. ಅಲ್ಲಿ ಜೀಪೇ ಏದುಸಿರು ಬಿಡುತ್ತದೆ.

ನನ್ನ ಉತ್ತರ: ತರೋದೇ ಇಲ್ಲ. ಕಾರು ನೋಡುವ ಮೊದಲೇ ಕುಶಾಲನಗರದಲ್ಲಿ ಸಿಮೆಂಟ್ ನೆಲದ ಒಂದು ಶೆಡ್ಡು ಹಿಡಿದೆ. ತಿಂಗಳಿಗೆ 2,500. ಮಡಿಕೇರಿಯಲ್ಲಿ ಸುರಿಯುವ ಮಳೆಯ ಅರ್ಧವೂ ಅಲ್ಲಿ ಬೀಳುವುದಿಲ್ಲ. ತೋಟದಿಂದ ಜೀಪಿನಲ್ಲಿ ಹೋಗಿ, ಅಲ್ಲಿ ಕಾರು ಬದಲಿಸುತ್ತೇನೆ. ಮನೆಗೊಂದು ಸಲ ತಂದು ತೋರಿಸೋಣ ಅಂತ ಆಸೆಯಾಗಿ ಒಮ್ಮೆ ಪ್ರಯತ್ನಿಸಿದೆ. ಗೇಟಿನ ಮೋರಿ ಮೇಲೆ ಸಿಲ್ವರ್ ಓಕ್ ಹಲಗೆ ಹಾಸಿದ್ದೆ. ಹಲಗೆ ಜಾರಿತು, ಮುಂದಿನ ಬಂಪರಿನ ಅಡಿ ಕಿತ್ತು ಬಂತು. 18 ಸಾವಿರ.

ಕಾಫಿಗೆ ಒಳ್ಳೆ ರೇಟ್ ಬಂದ ವರ್ಷ ಅದು, ಕೈಯಲ್ಲಿ ದುಡ್ಡಿತ್ತು, ತಾಳ್ಮೆ ಇರಲಿಲ್ಲ. ಮೊದಲು ನೋಡಿದ್ದು ದೆಹಲಿಯ ಕಾರು. ಬೆಂಗಳೂರಿಗಿಂತ 4 ಲಕ್ಷ ಕಡಿಮೆ. ವಿಡಿಯೋ ಕಾಲ್‌ನಲ್ಲಿ ನೋಡಿ 50 ಸಾವಿರ ಟೋಕನ್ ಹಾಕಿಬಿಟ್ಟೆ. ಆಮೇಲೆ ಇಲ್ಲಿನ ಜೀವಾವಧಿ ತೆರಿಗೆ ಲೆಕ್ಕ ಹಾಕಿದರೆ ಆ 4 ಲಕ್ಷದಲ್ಲಿ ಉಳಿಯುವುದು ಏನೂ ಇಲ್ಲ. ಇನ್ಶೂರೆನ್ಸ್ ಕಾಪಿ ತರಿಸಿದೆ. "ಒಂದು ಗೀರೂ ಇಲ್ಲ, ಒಬ್ಬರೇ ಓನರ್" ಅಂದ ಕಾರಿಗೆ ನೋ ಕ್ಲೇಮ್ ಬೋನಸ್ ಸೊನ್ನೆ! ಐದು ವರ್ಷ ಕ್ಲೇಮ್ ಮಾಡದಿದ್ದರೆ ಅದು 50 ಶೇಕಡ ಇರಬೇಕಲ್ವಾ? ಕೇಳಿದ ಮೇಲೆ ಮಾರುವವನು ಫೋನೇ ಎತ್ತಲಿಲ್ಲ. ಮೂರು ತಿಂಗಳು ಬೆನ್ನು ಹತ್ತಿ 30 ಸಾವಿರ ವಾಪಸ್ ಪಡೆದೆ, ಮಿಕ್ಕಿದ್ದು ಹೋಯಿತು.

ಎರಡನೆಯದು ಬೆಂಗಳೂರಿನಲ್ಲಿ. ಏಳು ವರ್ಷಕ್ಕೆ ಬರೀ 14 ಸಾವಿರ ಕಿಲೋಮೀಟರ್. ಎಲ್ಲರೂ "ಬಿಡಬೇಡ" ಅಂದರು. ಟೈರಿನ ಪಕ್ಕದಲ್ಲಿ ಅದು ತಯಾರಾದ ವಾರ, ವರ್ಷ ಹೇಳುವ ನಾಲ್ಕಂಕಿ ಓದಿದೆ, ಕಾರು ಹುಟ್ಟಿದ ವರ್ಷದ್ದೇ. ಉಗುರು ಒತ್ತಿದರೆ ಮರದ ಹಾಗೆ. ಗೇರ್‌ಬಾಕ್ಸ್ ಆಯಿಲ್ ಮುಟ್ಟಿಯೇ ಇಲ್ಲ, "60 ಸಾವಿರ ಕಿಲೋಮೀಟರ್‌ಗೆ ತಾನೇ ಸಾರ್" ಅಂದರು. ನಿಲ್ಲಿಸಿಟ್ಟ ಕಾರು ನನಗೆ ಬೇಡ ಅಂತ ಎದ್ದು ಬಂದೆ. ನನ್ನ ಜೊತೆ ಬಂದಿದ್ದ ಗೆಳೆಯ ಹುಣಸೂರಿನವರೆಗೂ ಮಾತಾಡಲಿಲ್ಲ.

ಕೊನೆಗೆ ಸಿಕ್ಕಿದ್ದು 50 ಸಾವಿರ ಕಿಲೋಮೀಟರ್ ಹತ್ತಿರ ಓಡಿದ ಕಾರು. ಓನರ್ ದಿನಾ ಆಸ್ಪತ್ರೆಗೆ ಓಡಿಸುತ್ತಿದ್ದ ಡಾಕ್ಟರ್. ಪ್ರತಿ ಬಿಲ್ಲೂ ಫೈಲಿನಲ್ಲಿತ್ತು. ನಾನು ಸೀಟ್ ಬೆಲ್ಟ್ ಪೂರ್ತಿ ಹೊರಗೆಳೆದು ತುದಿ ನೋಡಿದೆ. ನೀರಲ್ಲಿ ಮುಳುಗಿದ ಕಾರಿನಲ್ಲಿ ಸೀಟು ಎಷ್ಟು ತೊಳೆದರೂ ಅಲ್ಲಿ ಮಣ್ಣಿನ ಗೆರೆ ಉಳಿದಿರುತ್ತದೆ. ಆಮೇಲೆ ಒದ್ದೆ ಇಳಿಜಾರಿನಲ್ಲಿ ನಿಲ್ಲಿಸಿ, ಆಕ್ಸಿಲರೇಟರ್ ಜೋರಾಗಿ ಒತ್ತಿ ಎತ್ತಿದೆ. ಮುಂದಿನ ಚಕ್ರ ಮಾತ್ರ ಜಾರಿ ಕಿರುಗುಟ್ಟಿತು, ಹಿಂದಿನದು ಸುಮ್ನೆ ಇತ್ತು. ಹಿಂದಿನ ಚಕ್ರಗಳಿಗೆ ಶಕ್ತಿ ಕಳಿಸುವ ಕ್ಲಚ್, ಅಂದರೆ ಹಾಲ್ಡೆಕ್ಸ್, ಸತ್ತಿದೆ ಅಂತ ಗೊತ್ತಾಯಿತು, ಡಾಕ್ಟರಿಗೆ ಗೊತ್ತಿರಲಿಲ್ಲ. ಅದನ್ನೇ ಹಿಡಿದು ಚೌಕಾಸಿ ಮಾಡಿ 27 ಚಿಲ್ಲರೆ ಲಕ್ಷಕ್ಕೆ ಇಳಿಸಿದೆ. ಕೊನೆಯ ಒಂದು ಲಕ್ಷ ಹೇಗೆ ಇಳಿಯಿತು ಅನ್ನೋದು ನನ್ನ ಹತ್ತಿರವೇ ಇರಲಿ.

ಹಾಲ್ಡೆಕ್ಸ್ ವಿಷಯ ಸ್ವಲ್ಪ ಹೇಳಲೇಬೇಕು. ಸರ್ವೀಸಿನಲ್ಲಿ ಆಯಿಲ್ ಬದಲಿಸಿದ್ದರು, ಬಿಲ್ಲೂ ಇತ್ತು. ಆದರೆ ಪಂಪ್ ಬಿಚ್ಚಿ ಅದರ ಪುಟ್ಟ ಜಾಲರಿ ತೊಳೆದಿರಲಿಲ್ಲ. ಕ್ಲಚ್ಚಿನ ಸವಕಲು ಪುಡಿ ಅದರಲ್ಲಿ ಕಟ್ಟಿಕೊಂಡರೆ ಪಂಪ್ ಒದ್ದಾಡಿ ಸಾಯುತ್ತದೆ. ಮೈಸೂರಿನ ನನ್ನ ಮೆಕ್ಯಾನಿಕ್ ಅದನ್ನು ಅಂಗೈ ಮೇಲಿಟ್ಟು ತೋರಿಸಿದ, ಕಾಫಿ ಗಸಿ ಮೆತ್ತಿದ ಸೋಸುವ ಬಟ್ಟೆಯ ಹಾಗಿತ್ತು. ಪಂಪ್, ಆಯಿಲ್, ಕೂಲಿ ಸೇರಿ 45 ಸಾವಿರದ ಹತ್ತಿರ. ನೀವು ಮಾಡಿಸುವಾಗ ಜಾಲರಿ ಕಣ್ಣಾರೆ ನೋಡಿ.

ಆರು ತಿಂಗಳಿಗೆ ಥರ್ಮೋಸ್ಟಾಟ್ ಹೌಸಿಂಗ್‌ನಿಂದ ಇಂಜಿನ್ ತಂಪಿಡುವ ಕೂಲಂಟ್ ಸೋರಿತು. ಇಂಜಿನ್ ಪಕ್ಕ ಒಣಗಿದ ಗುಲಾಬಿ ಕಲೆ ಕಂಡರೆ ಅದೇ. ಅದಕ್ಕೆ 60 ಸಾವಿರ, ನಾಲ್ಕು ಟೈರಿಗೆ 70. ಮೊದಲ ವರ್ಷಕ್ಕೆ 3 ಲಕ್ಷ ಬೇರೆ ತೆಗೆದಿಟ್ಟಿದ್ದೆ, 2 ಚಿಲ್ಲರೆ ಖರ್ಚಾಯಿತು. ಹೆಸರು ಬದಲಾವಣೆಗೆ 29, 30 ಫಾರಂ ಕೊಟ್ಟು ವಿಳಾಸ ಮಡಿಕೇರಿಗೆ ತಂದದ್ದಾಯಿತು, ನಂಬರ್ ಬೆಂಗಳೂರಿನದ್ದೇ.

ಮೊದಲ ಕಕ್ಕಡದಲ್ಲಿ, ಅಂದರೆ ಕೊಡಗಿನ ಜಡಿಮಳೆಯ ತಿಂಗಳಲ್ಲಿ, ಸ್ಟಿಯರಿಂಗ್ ಮೇಲೆ ಬೂಷ್ಟು ಬಂತು. ಕವರ್ ಹಾಕಿದ್ದೇ ತಪ್ಪು, ತೇವ ಒಳಗೇ ಉಳಿಯಿತು. ಕವರ್ ತೆಗೆದೆ. ಒಂದು ವಾರ ಇದ್ದಿಲ ಚೀಲ, ಇನ್ನೊಂದು ವಾರ ಡಬ್ಬಿಯಲ್ಲಿ ಅರಳಿಸದ ಸುಣ್ಣ ಇಟ್ಟು ನೋಡಿದೆ. ಸುಣ್ಣ ತೇವವನ್ನೇನೋ ಎಳೆಯಿತು, ಆದರೆ ಉಬ್ಬಿ ಚೆಲ್ಲಿ ಕಾರ್ಪೆಟ್ ಹಾಳು ಮಾಡಿತು. ಹುರಿದ ಕಾಫಿ ಬೀಜವನ್ನೂ ಇಟ್ಟೆ, ಘಮ ಬಂತು, ಬೂಷ್ಟೂ ಬಂತು. ಈಗ ಶೆಡ್ಡಿನಲ್ಲೇ 16 ಸಾವಿರದ ಡಿಹ್ಯುಮಿಡಿಫೈಯರ್ ಇದೆ, ಬ್ಯಾಟರಿ ಚಾರ್ಜ್ ಇಳಿಯದ ಹಾಗೆ ಮೇಂಟೇನರ್ ಇದೆ. ವಾರಕ್ಕೊಮ್ಮೆ ಮಳೆ ಬಿಟ್ಟ ಹೊತ್ತು ನೋಡಿ ಪಿರಿಯಾಪಟ್ಟಣದವರೆಗೆ ಬಿಸಿ ಮಾಡಿಕೊಂಡು ಬರುತ್ತೇನೆ. ಇಲಿಗಳು ಒಮ್ಮೆ ವೈರ್ ಕಡಿದವು. ಈಗ ಬರುವುದಿಲ್ಲ. ಏನು ಮಾಡಿದೆ ಅಂತ ಕೇಳಬೇಡಿ, ಶೆಡ್ಡಿನ ಓನರ್‌ಗೂ ಹೇಳಿಲ್ಲ.

ಭಾನುವಾರ ಬೆಳಿಗ್ಗೆ ಐದೂವರೆಗೆ ಹೊರಟರೆ ಬೈಲಕುಪ್ಪೆ ದಾಟುವಾಗ ಇನ್ನೂ ಮಂಜು. ಮೈಸೂರಿನಲ್ಲಿ ದೋಸೆ ತಿಂದು ಹತ್ತಕ್ಕೆಲ್ಲಾ ವಾಪಸ್. ಲೀಟರಿಗೆ 9, ಮೆಲ್ಲಗೆ ಹೋದರೆ 11. ಕಳೆದ ತಿಂಗಳು ಮಾವ ಜೊತೆಗೆ ಬಂದರು. ಹುಣಸೂರು ಬರುವಷ್ಟರಲ್ಲಿ ನನ್ನನ್ನು ಇಳಿಸಿ ಸ್ಟಿಯರಿಂಗ್ ಹಿಡಿದಿದ್ದರು.